ನಿಂತರೂ ಖರ್ಚು, ಹಾರಿದರೂ ಖರ್ಚು: ಬಳ್ಳಾರಿ ಸೀಮೆಯ ಒಬ್ಬ ಪೈಲಟ್ ಉದ್ಯಮಿಯ ಪ್ರಕರಣ

ಬಳ್ಳಾರಿ ಸೀಮೆಯ ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ವೃತ್ತಿ. ನಷ್ಟದ ಕಡತಗಳು ನನಗೆ ಹೊಸವಲ್ಲ. ಆದರೆ ಆಸ್ತಿಪಟ್ಟಿಯಲ್ಲಿ ಟಿಪ್ಪರು, ಹತ್ತಿಯ ಬೀಜ ತೆಗೆಯುವ ಜಿನ್ನಿಂಗ್ ಯಂತ್ರ, ತೂಕದ ಕಾಟಾಗಳ ಸಾಲಿನಲ್ಲಿ ಒಂದು ವಿಮಾನವೂ ಕಾಣಿಸಿಕೊಂಡ ಕಡತ ಇದೊಂದೇ. ಸಂಬಂಧಪಟ್ಟವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರು, ಊರು, ವಿಮಾನ ನಿಲ್ಲುತ್ತಿದ್ದ ಜಾಗ ಇವನ್ನು ಬಿಟ್ಟಿದ್ದೇನೆ, ಗುರುತು ಹತ್ತುವಂಥ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಅವರನ್ನು ‘ಸಾಹುಕಾರರು’ ಎಂದಷ್ಟೇ ಕರೆಯುತ್ತೇನೆ. ಓಣಿಗೆ ಇಬ್ಬರು ಸಾಹುಕಾರರಿರುವ ನಮ್ಮ ಕಡೆ ಅಷ್ಟರಿಂದ ಯಾರೂ ಸಿಕ್ಕಿಬೀಳುವುದಿಲ್ಲ.

ಹಿನ್ನೆಲೆ

ಸಾಹುಕಾರರದು ಹತ್ತಿ ವ್ಯಾಪಾರದ ಮನೆತನ. ತಂದೆ ಕಟ್ಟಿದ ಜಿನ್ನಿಂಗ್ ಫ್ಯಾಕ್ಟರಿ ದೀಪಾವಳಿಯ ಹೊತ್ತಿಗೆ ಶುರುವಾಗಿ ಯುಗಾದಿಗೆ ಬಾಗಿಲು ಹಾಕುತ್ತಿತ್ತು. ಉಳಿದ ತಿಂಗಳುಗಳಲ್ಲಿ ಅಲ್ಲಿ ಒಬ್ಬ ಕಾವಲುಗಾರ ಮತ್ತು ಎರಡು ನಾಯಿ ಬಿಟ್ಟರೆ ಯಾರೂ ಇರುತ್ತಿರಲಿಲ್ಲ. ಚೀನಾದ ಬೇಡಿಕೆಯಿಂದ ಸಂಡೂರು, ಹೊಸಪೇಟೆ ಭಾಗದ ಕಬ್ಬಿಣದ ಅದಿರಿಗೆ ಬೆಲೆ ಏರತೊಡಗಿದ ಕಾಲದಲ್ಲಿ, ಅಂದರೆ 2004ರ ಸುಮಾರಿಗೆ, ಅವರು ಜಿನ್ನಿನ ಮೇಲೆ ಸಾಲ ತೆಗೆದು ನಾಲ್ಕು ಟಿಪ್ಪರ್ ಕೊಂಡರು. ಐದು ವರ್ಷಗಳಲ್ಲಿ ನಾಲ್ಕು ಇಪ್ಪತ್ತನಾಲ್ಕಾಯಿತು. ರಸ್ತೆಬದಿಯ ಬೇವಿನ ಮರಗಳು ಕೆಂಪಗೆ ತಿರುಗಿದ್ದ ಆ ವರ್ಷಗಳಲ್ಲಿ ಟಿಪ್ಪರ್ ಇದ್ದವರ ಬಳಿ ಹಣವಿತ್ತು, ಹಣ ಇದ್ದವರ ಬಳಿ ಹೊಸ ಹೊಸ ಯೋಚನೆಗಳಿದ್ದವು.

ಇವರ ಯೋಚನೆ ಮಾತ್ರ ಹಳೆಯದು. ಹುಡುಗನಾಗಿದ್ದಾಗಿನಿಂದ ವಿಮಾನದ ಹುಚ್ಚು. 2007ರಲ್ಲಿ ನಲವತ್ತೆರಡರ ವಯಸ್ಸಿನಲ್ಲಿ ಬೆಂಗಳೂರಿನ ಜಕ್ಕೂರಿಗೆ ಹೋಗಿ ಕಲಿಯಲು ನಿಂತರು. ಖಾಸಗಿ ಪೈಲಟ್ ಲೈಸೆನ್ಸಿಗೆ ಕನಿಷ್ಠ 40 ಗಂಟೆಗಳ ಹಾರಾಟ ಬೇಕು. ಅದರ ಜೊತೆಗೆ ಹವಾಮಾನ, ದಿಕ್ಸೂಚನೆ, ವಾಯುಯಾನ ನಿಯಮಗಳ ಪರೀಕ್ಷೆಗಳು. ವಾರದ ಐದು ದಿನ ಲೋಡಿನ ಲೆಕ್ಕ, ಎರಡು ದಿನ ಜಕ್ಕೂರು ಎಂದು ಓಡಾಡಿ ಅವರು ಲೈಸೆನ್ಸ್ ಪಡೆದರು. ಇಲ್ಲಿ ಒಂದು ಮಾತು ಹೇಳಲೇಬೇಕು. ‘ಸಾಹಸಿ’ ಎಂದೊಡನೆ ನಮ್ಮ ಕಣ್ಣಮುಂದೆ ಬರುವ ಉಡಾಫೆಯ ಮನುಷ್ಯ ಇವರಲ್ಲ. ಹಾರುವ ಮುನ್ನ ನೋಡಬೇಕಾದ ಅಂಶಗಳನ್ನೆಲ್ಲ ಕನ್ನಡದಲ್ಲಿ ಬರೆದು, ರಟ್ಟಿಗೆ ಅಂಟಿಸಿ, ಒಂದೊಂದನ್ನೂ ಬೆರಳಿಟ್ಟು ಓದುತ್ತಿದ್ದವರು. ಆಕಾಶದಲ್ಲಿ ಅವರಿಗಿದ್ದ ಈ ಶಿಸ್ತು ನೆಲದ ಮೇಲಿನ ವ್ಯವಹಾರಕ್ಕೆ ಏಕೆ ಇಳಿಯಲಿಲ್ಲ ಎಂಬುದೇ ಈ ಪ್ರಕರಣದ ತಿರುಳು.

ಅವರ ಕಚೇರಿಯ ಗೋಡೆಗೆ ಕೈಯಿಂದ ಬರೆದ ಒಂದು ನಕ್ಷೆ ಇತ್ತು: ಕರಾಚಿ, ಅಹಮದಾಬಾದ್, ಮುಂಬಯಿ, ಬಳ್ಳಾರಿ, ಮದರಾಸು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಪುಸ್ ಮಾತ್ ಎಂಬ ಪುಟ್ಟ ವಿಮಾನದಲ್ಲಿ ಅಂಚೆ ಹೊತ್ತು ಕರಾಚಿಯಿಂದ ಹೊರಟು, ಅಹಮದಾಬಾದಿನಲ್ಲಿ ಇಂಧನ ತುಂಬಿಕೊಂಡು, ಮುಂಬಯಿಯ ಜುಹೂದಲ್ಲಿ ಇಳಿದರು. ಅಲ್ಲಿಂದ ಮುಂದಿನ ಚೀಲಗಳನ್ನು ಬಳ್ಳಾರಿಯ ಮೂಲಕ ಮದರಾಸಿಗೆ ಒಯ್ದವರು ಅವರ ಜೊತೆಗಾರ ಪೈಲಟ್ ನೆವಿಲ್ ವಿಂಟ್‌ಸೆಂಟ್. ಭಾರತದ ಮೊದಲ ವಾಯು ಅಂಚೆ ಸೇವೆಗಳಲ್ಲೊಂದು ನಮ್ಮ ಊರಿನ ಮೇಲೆ ಹಾದು, ಇಲ್ಲಿ ನೆಲ ಮುಟ್ಟಿ ಹೋಗಿತ್ತು ಎಂಬ ಸಂಗತಿ ಸಾಹುಕಾರರಿಗೆ ಬರೀ ಇತಿಹಾಸವಾಗಿರಲಿಲ್ಲ. ಯಾರೇ ಬರಲಿ, ಚಹಾ ಬರುವುದಕ್ಕೆ ಮುಂಚೆ ನಕ್ಷೆಯ ವಿವರಣೆ ಮುಗಿಯುತ್ತಿತ್ತು.

ಖರೀದಿ

2009ರ ಕೊನೆಯಲ್ಲಿ ಅವರು ನಾಲ್ಕು ಸೀಟಿನ, ಒಂದೇ ಎಂಜಿನ್ನಿನ, ಹಳೆಯ ಸೆಸ್ನಾ 172 ವಿಮಾನವನ್ನು ಕೊಂಡರು. ಅವರ ಲೆಕ್ಕಾಚಾರದಲ್ಲಿ ಮೂರು ಬಗೆಯ ಗಿರಾಕಿಗಳಿದ್ದರು. ಹಂಪಿ ಮತ್ತು ತುಂಗಭದ್ರಾ ಜಲಾಶಯವನ್ನು ಮೇಲಿನಿಂದ ನೋಡಬಯಸುವ ಪ್ರವಾಸಿಗರು ಮೊದಲನೆಯವರು. ಬೆಂಗಳೂರು, ಹೈದರಾಬಾದಿಗೆ ಹೋಗಿ ಸಂಜೆಯೊಳಗೆ ಮರಳಬೇಕಾದ ಗಣಿ ಕಂಪನಿಗಳ ಅಧಿಕಾರಿಗಳು ಎರಡನೆಯವರು. ಒಂದು ಬೇರಿಂಗಿಗಾಗಿ ಇಡೀ ಕ್ರಷರ್ ನಿಲ್ಲಿಸಿಕೊಂಡು ಕೂರುವ ಕಾರ್ಖಾನೆಗಳು ಮೂರನೆಯವು. ಮೂರೂ ಕಾಲ್ಪನಿಕವಲ್ಲ, ಅಂಥವರು ನಿಜಕ್ಕೂ ಇದ್ದರು.

ಸಾಲದ ಕಾಗದಪತ್ರ ನನ್ನ ಮೇಜಿನ ಮೇಲೂ ಬಂದಿತ್ತು. ವಿಮಾನದ ಬೆಲೆ, ಸವಕಳಿ, ಬಡ್ಡಿ, ತೆರಿಗೆ ಎಲ್ಲವನ್ನೂ ನೋಡಿದೆ. ಈ ಮೂರು ಬಗೆಯವರಲ್ಲಿ ಎಷ್ಟು ಜನ ಬರೆದು ಸಹಿ ಮಾಡಿಕೊಟ್ಟಿದ್ದಾರೆ ಎಂದು ಮಾತ್ರ ಕೇಳಲಿಲ್ಲ. ಒಬ್ಬರೂ ಕೊಟ್ಟಿರಲಿಲ್ಲ. ಆ ಪ್ರಶ್ನೆ ಕೇಳಬೇಕಾದ ಮೊದಲ ಮನುಷ್ಯ ನಾನೇ ಆಗಿದ್ದೆ.

ತೊಡಕು

ಮೊದಲ ಗೋಡೆ ಕಾನೂನಿನದು. ಖಾಸಗಿ ಪೈಲಟ್ ಲೈಸೆನ್ಸ್ ಇರುವವರು ಹಾರಬಹುದು, ಸ್ನೇಹಿತರನ್ನು ಕೂರಿಸಿಕೊಳ್ಳಬಹುದು, ಆದರೆ ಹಣ ಪಡೆದು ಯಾರನ್ನೂ ಒಯ್ಯುವಂತಿಲ್ಲ. ಹಣ ಪಡೆಯಬೇಕೆಂದರೆ 200 ಗಂಟೆಗಳ ಹಾರಾಟದ ಅನುಭವ ಬೇಡುವ ವಾಣಿಜ್ಯ ಲೈಸೆನ್ಸಿನ ಪೈಲಟ್ ಬೇಕು. ಅದರ ಮೇಲೆ ಸಂಸ್ಥೆಯ ಹೆಸರಿನಲ್ಲಿ ಅನಿಯತ, ಅಂದರೆ ಗೊತ್ತಾದ ವೇಳಾಪಟ್ಟಿಯಿಲ್ಲದ, ವಿಮಾನಯಾನದ ಪರವಾನಗಿ ಬೇಕು. ಅದಕ್ಕೆ ಮುಂಚೆ ನಿರಾಕ್ಷೇಪಣಾ ಪತ್ರ, ಭದ್ರತಾ ಪರಿಶೀಲನೆ, ನಿರ್ವಹಣೆಯ ವ್ಯವಸ್ಥೆ, ಅರ್ಹ ಎಂಜಿನಿಯರ್. ಸಾಹುಕಾರರಿಗೆ ಇದು ಗೊತ್ತಿರಲಿಲ್ಲ ಎಂದಲ್ಲ. ಟಿಪ್ಪರಿಗೆ ಪರ್ಮಿಟ್ ತೆಗೆಸಿದ ಅನುಭವವನ್ನೇ ನೆಚ್ಚಿಕೊಂಡು, ಆರು ತಿಂಗಳಲ್ಲಿ ಮುಗಿಯುತ್ತದೆ ಎಂದು ಅಂದಾಜು ಹಾಕಿದ್ದರು. ಟಿಪ್ಪರನ್ನು ಮೊದಲು ಕೊಂಡು ಆಮೇಲೆ ಪರ್ಮಿಟ್ ತೆಗೆಸುವುದು ನಮ್ಮ ಕಡೆಯ ರೂಢಿ. ವಿಮಾನದ ವಿಷಯದಲ್ಲಿ ಬೇಕಾಗಿದ್ದದ್ದು ಅದರ ತಿರುಗುಮುರುಗು ಕ್ರಮ.

ಎರಡನೆಯದು ಇಂಧನ. ಇಂಥ ಪಿಸ್ಟನ್ ಎಂಜಿನ್ನಿಗೆ ದೊಡ್ಡ ವಿಮಾನಗಳ ಇಂಧನ ಆಗುವುದಿಲ್ಲ. ಅವ್‌ಗ್ಯಾಸ್ ಎಂಬ ಬೇರೆಯೇ ಪೆಟ್ರೋಲು ಬೇಕು. ಆಗ ಅದು ಪೂರಾ ಆಮದಿನ ಸರಕು (ಇಂಡಿಯನ್ ಆಯಿಲ್ ತನ್ನ ವಡೋದರದ ಸಂಸ್ಕರಣಾಗಾರದಲ್ಲಿ ತಯಾರಿಸಿದ ಅವ್‌ಗ್ಯಾಸ್ ಮಾರುಕಟ್ಟೆಗೆ ಬಂದದ್ದು 2022ರಲ್ಲಿ). ಡ್ರಮ್ಮುಗಳಲ್ಲಿ ಲಾರಿ ಮೇಲೆ ತರಿಸಿ, ಬೀಗ ಹಾಕಿ, ನೆರಳಿನಲ್ಲಿಟ್ಟು ಕಾಯಬೇಕಿತ್ತು. ಗಂಟೆಗೆ ಮೂವತ್ತು ಲೀಟರಿಗೂ ಹೆಚ್ಚು ಕುಡಿಯುವ ಎಂಜಿನ್ನಿಗೆ ಒಂದು ಡ್ರಮ್ ಎಷ್ಟು ದಿನ ಬಂದೀತು?

ಮೂರನೆಯದನ್ನು ಅವರು ಕಂಡುಕೊಂಡದ್ದು ರನ್‌ವೇ ಮೇಲೆ.

ರನ್‌ವೇಯ ಅರ್ಧ

2011ರ ಏಪ್ರಿಲ್. ಪರವಾನಗಿಯ ಕಡತ ಇನ್ನೂ ಚಲಿಸುತ್ತಿತ್ತು. ಹಣದ ಮಾತಿಲ್ಲದೆ, ಬರೀ ಪರಿಚಯಕ್ಕೆಂದು, ಒಂದು ಕಾರ್ಖಾನೆಯ ಇಬ್ಬರು ಅಧಿಕಾರಿಗಳನ್ನು ಕೂರಿಸಿಕೊಂಡು ಹಂಪಿಯ ಮೇಲೆ ಒಂದು ಸುತ್ತು ಹಾಕಿಸುವುದೆಂದು ನಿಗದಿಯಾಗಿತ್ತು. ಬೆಳಿಗ್ಗೆ ಎಂಟಕ್ಕೆ ಬರಬೇಕಾದ ಅತಿಥಿಗಳು ಊಟ ಮುಗಿಸಿಕೊಂಡು ಎರಡು ಗಂಟೆಗೆ ಬಂದರು. ಉಷ್ಣಾಂಶ 41 ಡಿಗ್ರಿ. ಇಂಧನದ ಟ್ಯಾಂಕು ಬೆಳಿಗ್ಗೆಯೇ ಪೂರ್ತಿ ತುಂಬಿತ್ತು.

ಬಿಸಿಯಾದ ಗಾಳಿ ತೆಳುವಾಗುತ್ತದೆ. ತೆಳುಗಾಳಿಯಲ್ಲಿ ರೆಕ್ಕೆಗೆ ಎತ್ತುವ ಬಲ ಕಡಿಮೆ, ಪ್ರೊಪೆಲ್ಲರಿಗೆ ಹಿಡಿತ ಕಡಿಮೆ, ಎಂಜಿನ್ನಿಗೂ ಉಸಿರು ಕಡಿಮೆ. ವೈಮಾನಿಕರು ಇದನ್ನು ಎತ್ತರದ ಭಾಷೆಯಲ್ಲಿ ಅಳೆಯುತ್ತಾರೆ. ನಮ್ಮ ನೆಲ ಸಮುದ್ರಮಟ್ಟದಿಂದ ಸುಮಾರು 1,500 ಅಡಿ ಎತ್ತರದಲ್ಲಿದೆ. ಆ ಎತ್ತರಕ್ಕೆ ಪ್ರಮಾಣಿತ ಉಷ್ಣಾಂಶ 12 ಡಿಗ್ರಿ. ಅದಕ್ಕಿಂತ ಹೆಚ್ಚಿರುವ ಪ್ರತಿ ಡಿಗ್ರಿಗೆ ಸುಮಾರು 120 ಅಡಿ ಸೇರಿಸಬೇಕು. 29 ಡಿಗ್ರಿ ಹೆಚ್ಚಿದ್ದರೆ 3,480 ಅಡಿ. ಅಂದರೆ ಆ ಮಧ್ಯಾಹ್ನ ವಿಮಾನದ ಪಾಲಿಗೆ ಬಳ್ಳಾರಿ ಸೀಮೆಯ ಬಯಲು ಹೆಚ್ಚುಕಡಿಮೆ 5,000 ಅಡಿ ಎತ್ತರದ ಗುಡ್ಡವಾಗಿತ್ತು.

ಸಾಹುಕಾರರು ಈ ಲೆಕ್ಕವನ್ನು ಮಾಡಿದ್ದರು, ಕಾಗದದ ಮೇಲೆ ವಿಮಾನ ಏಳುತ್ತಿತ್ತು ಕೂಡ. ಆದರೆ ಲೆಕ್ಕ ಹಾಕುವಾಗ ಎದುರಿನಿಂದ ಬೀಸುತ್ತಿದ್ದ ಗಾಳಿ ಓಟ ಶುರುವಾಗುವಷ್ಟರಲ್ಲಿ ಬೆನ್ನ ಹಿಂದಕ್ಕೆ ತಿರುಗಿತ್ತು. ಬಳಕೆಗೆ ಯೋಗ್ಯವಾಗಿದ್ದ ರನ್‌ವೇ ಸುಮಾರು 800 ಮೀಟರ್. ಅದರ ನಡುವೆ ಎಡಬದಿಗೆ ಸುಣ್ಣ ಬಳಿದ ಒಂದು ಕಲ್ಲನ್ನು ಅವರೇ ನೆಡಿಸಿದ್ದರು. ರನ್‌ವೇಯ ಅರ್ಧ ಮುಗಿಯುವಾಗ ಏಳಲು ಬೇಕಾದ ವೇಗದ ಶೇಕಡ 70ರಷ್ಟು ಬಂದಿರದಿದ್ದರೆ ಹಾರಾಟ ಕೈಬಿಡಬೇಕೆಂಬುದು ಸಣ್ಣ ವಿಮಾನದವರ ಹಳೆಯ ಅಳತೆಗೋಲು. ಈ ವಿಮಾನ ಮೂಗೆತ್ತಲು 55 ನಾಟ್ (ವಿಮಾನದ ವೇಗದ ಅಳತೆ) ಬೇಕು; ಕಲ್ಲಿನ ಹತ್ತಿರ ಕನಿಷ್ಠ 39 ಇರಬೇಕಿತ್ತು. ಕಲ್ಲು ಕಣ್ಣಂಚಿನಲ್ಲಿ ಸರಿದಾಗ ಮುಳ್ಳು 34ರಲ್ಲಿತ್ತು.

ಎಂಜಿನ್ನಿನ ಬಲ ಇಳಿಸಲು ಅವರು ಥ್ರಾಟಲ್ ಹಿಂದಕ್ಕೆಳೆದರು. ಬ್ರೇಕಿನ ಸುಟ್ಟ ವಾಸನೆ, ಟೈರಿನ ಕಿರಿಚು, ಕೊನೆಗೆ ಎರೆಮಣ್ಣಿನ ಹೊಲ ಶುರುವಾಗುವುದಕ್ಕೆ ಇಪ್ಪತ್ತು ಹೆಜ್ಜೆ ಮುಂಚೆ ವಿಮಾನ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಹಿಂದೆ ಕೂತಿದ್ದ ಅಧಿಕಾರಿ, “ಇಷ್ಟಕ್ಕೇ ಇಳಿಸಿಬಿಟ್ರಲ್ಲ ಸಾರ್” ಎಂದು ನಕ್ಕರಂತೆ. ಸಾಹುಕಾರರು ನಗಲಿಲ್ಲ.

ಆ ಸಂಜೆ ಅವರು ತೆಗೆದುಕೊಂಡ ತೀರ್ಮಾನವೇ ಈ ಪ್ರಕರಣದ ಮೊದಲ ತಿರುವು: ಬೇಸಿಗೆಯಲ್ಲಿ ಬೆಳಿಗ್ಗೆ ಒಂಬತ್ತರ ನಂತರ ಜನರನ್ನು ಕೂರಿಸಿಕೊಂಡು ಹಾರುವುದಿಲ್ಲ. ಪೈಲಟ್ ಆಗಿ ಅದು ಸರಿಯಾದ ತೀರ್ಮಾನ. ಆದರೆ ಉದ್ಯಮಿಯಾಗಿ ಅದರ ಬೆಲೆ ಏನೆಂದು ಅವರು ಆಗ ಎಣಿಸಲಿಲ್ಲ. ಹಂಪಿಯ ಪ್ರವಾಸಿಗರ ಸುಗ್ಗಿ ಅಕ್ಟೋಬರಿನಿಂದ ಫೆಬ್ರುವರಿವರೆಗೆ; ಮಳೆಗಾಲದಲ್ಲಿ ಮೋಡ; ಬೇಸಿಗೆಯಲ್ಲಿ ಈಗ ಬೆಳಗಿನ ಎರಡು ತಾಸು ಮಾತ್ರ. ವರ್ಷದ ಇಷ್ಟೇ ಹೊತ್ತಿನಲ್ಲಿ ವರ್ಷವಿಡೀ ಆಗುವ ಖರ್ಚು ಹುಟ್ಟಬೇಕಿತ್ತು.

ಲೆಕ್ಕದ ಪುಸ್ತಕ

ಅದನ್ನು ಎಣಿಸಿದವರು ಅವರ ಗುಮಾಸ್ತರು. ತಂದೆಯ ಕಾಲದಿಂದ ಇದ್ದ ಹಿರಿಯರು, ಕಂಪ್ಯೂಟರ್ ಬಂದ ಮೇಲೂ ಕೀರ್ದಿ ಪುಸ್ತಕ ಬಿಡದವರು. ನಾನು ವಾರ್ಷಿಕ ಲೆಕ್ಕ ಮುಗಿಸಲು ಹೋಗಿದ್ದ ದಿನ ಅವರು ವಿಮಾನದ ಪುಟ ತೆರೆದು ನಮ್ಮಿಬ್ಬರ ನಡುವೆ ಇಟ್ಟರು. ಎಡಕ್ಕೆ ವಿಮಾನ ನಿಲ್ಲಿಸುವ ಹ್ಯಾಂಗರಿನ ಬಾಡಿಗೆ, ವಿಮೆ, ಎಂಜಿನಿಯರನ ಸಂಬಳ, ವಾರ್ಷಿಕ ತಪಾಸಣೆ, ಬ್ಯಾಂಕಿನ ಕಂತು. ಬಲಕ್ಕೆ ಖಾಲಿ.

“ಧಣಿ, ಹಾರಿದ್ದು ಎಂಬತ್ತಮೂರು ತಾಸು, ನಿಂತದ್ದು ಇಪ್ಪತ್ತು ತಿಂಗಳು. ಖರ್ಚು ಯಾವುದರ ಹೆಸರಿಗೆ ಬರೀಲಿ?” ಎಂದು ಕೇಳಿದರು.

ಆ ಪ್ರಶ್ನೆಗೆ ಕೋಣೆಯಲ್ಲಿದ್ದ ಇಬ್ಬರು ಪದವೀಧರರ ಬಳಿಯೂ ಉತ್ತರವಿರಲಿಲ್ಲ. ನಾನು ಪ್ರತಿ ಹಾರಾಟದ ಗಂಟೆಗೆ ಎಷ್ಟು ವೆಚ್ಚ ಎಂದು ಲೆಕ್ಕ ಹಾಕುತ್ತಿದ್ದೆ. ಅವರು ಪ್ರತಿ ನಿಂತ ತಿಂಗಳಿಗೆ ಎಷ್ಟು ಎಂದು ನೋಡುತ್ತಿದ್ದರು. ವಿಮಾನದ ಮಟ್ಟಿಗೆ ಎರಡನೆಯದೇ ನಿಜವಾದ ಲೆಕ್ಕ. ನಿಂತರೆ ಎಂಜಿನ್ ಉಳಿಯುತ್ತದೆ ಎಂಬುದೂ ತಪ್ಪು. ಈ ಬಗೆಯ ಎಂಜಿನ್ನುಗಳು ವಾರಗಟ್ಟಲೆ ಓಡದೆ ನಿಂತರೆ ಮೇಲ್ಭಾಗದಲ್ಲಿರುವ ಕ್ಯಾಮ್‌ಶಾಫ್ಟಿನ ಮೇಲಿನ ಎಣ್ಣೆ ಬಸಿದುಹೋಗಿ ತುಕ್ಕು ಹಿಡಿಯುತ್ತದೆ. ಹಾರದ ವಿಮಾನ ಹಾರುವ ವಿಮಾನಕ್ಕಿಂತ ಬೇಗ ಕೆಡುವುದುಂಟು.

ಇದಾದ ಕೆಲವೇ ವಾರಗಳಿಗೆ ಆದಾಯದ ಮೂಲವೇ ನಿಂತಿತು. 2010ರ ಜುಲೈಯಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತಿಗೆ ತಡೆ ಹಾಕಿದಾಗಲೇ ಟಿಪ್ಪರುಗಳ ಓಡಾಟ ಅರ್ಧಕ್ಕಿಳಿದಿತ್ತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿಯಿತು. ರಸ್ತೆಬದಿಯಲ್ಲಿ, ಖಾಲಿ ಹೊಲಗಳಲ್ಲಿ, ಪೆಟ್ರೋಲ್ ಬಂಕುಗಳ ಹಿಂದೆ ಟಿಪ್ಪರುಗಳು ಸಾಲುಗಟ್ಟಿ ನಿಂತವು. ಮುಂದೆ ಗಣಿಗಳು ಹಂತಹಂತವಾಗಿ ತೆರೆದಾಗ ಜಿಲ್ಲೆಗೆ ವರ್ಷಕ್ಕೆ 2.5 ಕೋಟಿ ಟನ್ನಿನ ಮಿತಿ ಬಂತು. ಹಳೆಯ ದಿನಗಳು ಮರಳಲಿಲ್ಲ.

ಪ್ರಯತ್ನಗಳು

ವಿಮಾನವನ್ನು ಉಳಿಸಿಕೊಳ್ಳಲು ಸಾಹುಕಾರರು ಮಾಡಿದ ಪ್ರಯತ್ನಗಳನ್ನು ಚಿಕ್ಕದಾಗಿ ಹೇಳಿ ಮುಗಿಸಬಹುದು. ಪಾಲುದಾರರನ್ನು ಹುಡುಕಿದರು, ಬಂದವರೆಲ್ಲ ಗಣಿ ನಂಬಿದವರೇ ಆದ್ದರಿಂದ ಬಂದಂತೆ ಹೋದರು. ಬೇರೆ ರಾಜ್ಯದ ಒಂದು ತರಬೇತಿ ಸಂಸ್ಥೆಗೆ ಬಾಡಿಗೆಗೆ ಕೊಡಲು ಮಾತಾಡಿದರು. ಅವರು ಬಾಡಿಗೆ ಬೇಡ, ಕೊಟ್ಟರೆ ಕೊಳ್ಳುತ್ತೇವೆ ಎಂದರು. ಹೇಳಿದ ಬೆಲೆ ಕೊಂಡದ್ದರ ಅರ್ಧಕ್ಕಿಂತ ತುಸು ಮೇಲೆ.

ಆಗ ಉಳಿದದ್ದು ಎರಡೇ ದಾರಿ. ಜಿನ್ನಿಂಗ್ ಫ್ಯಾಕ್ಟರಿಯ ಜಾಗ ಮಾರಿ ವಿಮಾನ ಉಳಿಸಿಕೊಳ್ಳುವುದು, ಇಲ್ಲವೇ ವಿಮಾನ ಮಾರಿ ಫ್ಯಾಕ್ಟರಿ ಉಳಿಸಿಕೊಳ್ಳುವುದು. ನನ್ನ ಸಲಹೆ ಸ್ಪಷ್ಟವಿದ್ದರೂ ಸಾಹುಕಾರರು ಮೂರು ತಿಂಗಳು ಅಲ್ಲಾಡಲಿಲ್ಲ. ಹೂಡಿದ ಹಣದ ಮೋಹ ಅದಕ್ಕೆ ಅರ್ಧ ಕಾರಣ. ಇನ್ನರ್ಧ, ಊರ ಬಾಯಿ. “ವಿಮಾನದ ಸಾಹುಕಾರ” ಎಂದು ಕರೆಸಿಕೊಂಡವರು ವಿಮಾನವಿಲ್ಲದೆ ಸಂತೆಯಲ್ಲಿ ಹೇಗೆ ನಡೆದಾಡಬೇಕು?

ಮೌನ ಮುರಿದವರು ಸಾಹುಕಾರರ ತಮ್ಮ. ಜಿನ್ ನೋಡಿಕೊಳ್ಳುತ್ತಿದ್ದ, ಅಣ್ಣನೆದುರು ದನಿ ಎತ್ತದ ಮನುಷ್ಯ. “ಅಣ್ಣಾ, ಟಿಪ್ಪರ್ ನಿಂತ್ರೂ ರೊಕ್ಕ ತಿಂತೈತಿ, ವಿಮಾನ ನಿಂತ್ರೂ ರೊಕ್ಕ ತಿಂತೈತಿ. ನಿಂತಾಗ ಸುಮ್ನಿರೋದು ಜಿನ್ ಒಂದೇ ನೋಡು.” ಇಷ್ಟು ಹೇಳಿ ಅವರು ಎದ್ದು ಹೋದರು. ವರ್ಷದ ಏಳು ತಿಂಗಳು ಬಾಗಿಲು ಹಾಕಿದರೂ ಸಾಲಗಾರರಿಲ್ಲದೆ ನಿಲ್ಲಬಲ್ಲ ಉದ್ದಿಮೆಯನ್ನು ಮನೆಯವರೇ ‘ಹಳೇ ಕಾಲದ್ದು’ ಎಂದು ಕಡೆಗಣಿಸಿದ್ದರು. 2012ರ ಜನವರಿಯಲ್ಲಿ ವಿಮಾನ ಮಾರಾಟವಾಯಿತು, ಟಿಪ್ಪರುಗಳಲ್ಲಿ ಎರಡನ್ನುಳಿದು ಮಿಕ್ಕವು ಫೈನಾನ್ಸಿನವರ ಪಾಲಾದವು.

ನಕ್ಷೆಯ ಇನ್ನೊಂದು ಓದು

ವಿಮಾನ ಹೋದ ಮೇಲೂ ಗೋಡೆಯ ನಕ್ಷೆ ಉಳಿದಿತ್ತು. ಅದನ್ನು ಅವರೇ ಒಂದು ದಿನ ಬೇರೆ ಬಗೆಯಲ್ಲಿ ಓದಿ ಹೇಳಿದರು. ವಿಂಟ್‌ಸೆಂಟ್ ಭಾರತಕ್ಕೆ ಬಂದದ್ದು ಊರೂರಿಗೆ ವಿಮಾನ ಒಯ್ದು, ಹಣ ಪಡೆದು ಜನರನ್ನು ಒಂದು ಸುತ್ತು ಹಾರಿಸುವ ಕೆಲಸಕ್ಕೆ. ಅಂದರೆ ಸಾಹುಕಾರರ ಮೊದಲ ಯೋಜನೆಯನ್ನೇ ಆತ ಎಂಬತ್ತು ವರ್ಷ ಮುಂಚೆ ಮಾಡಿ ನೋಡಿದ್ದ. ಆಮೇಲೆಯೇ ಆತ ಟಾಟಾ ಸಂಸ್ಥೆಯ ಮುಂದೆ ಅಂಚೆಯ ಪ್ರಸ್ತಾವ ಇಟ್ಟದ್ದು. ಎರಡು ಲಕ್ಷ ರೂಪಾಯಿಯ ಬಂಡವಾಳ, ಎರಡು ಪುಸ್ ಮಾತ್, ಸರ್ಕಾರದ ಸಹಾಯಧನವಿಲ್ಲ. ಆದರೂ ಮೊದಲ ವರ್ಷವೇ 60,000 ರೂಪಾಯಿ ಲಾಭ ಬಂತು. ವಿಮಾನ ಹೊರಡುವ ಮುನ್ನವೇ ಅಂಚೆ ಇಲಾಖೆಯೊಂದಿಗೆ ಒಪ್ಪಂದ ಆಗಿತ್ತು, ಕರಾಚಿಗೆ ಬರುವ ಇಂಗ್ಲೆಂಡಿನ ಪತ್ರಗಳ ಚೀಲ ಯಾರ ಹುರುಪಿಗೂ ಕಾಯದೆ ಪ್ರತಿ ವಾರ ಸಿದ್ಧವಿರುತ್ತಿತ್ತು. ಬಳ್ಳಾರಿ ಆ ದಾರಿಯಲ್ಲಿದ್ದದ್ದು ಊರಿನ ಹಿರಿಮೆಯಿಂದಲ್ಲ, ನಡುದಾರಿಯಲ್ಲಿ ಇಳಿಯಲು ಒಂದು ನೆಲ ಬೇಕಿತ್ತು ಎಂದು. ಮುಂದೆ ಆ ದಾರಿ ಹೈದರಾಬಾದಿನ ಮೂಲಕ ತಿರುಗಿಕೊಂಡಿತು.

“ನಾನು ವಿಮಾನ ನೋಡಿದೆ, ಚೀಲ ನೋಡಲಿಲ್ಲ” ಎಂದರು. ಇದಕ್ಕಿಂತ ಚೆನ್ನಾಗಿ ಈ ಪ್ರಕರಣದ ವಿಶ್ಲೇಷಣೆಯನ್ನು ನಾನು ಬರೆಯಲಾರೆ.

ಎರಡನೆಯ ಹಾರಾಟ

2021ರ ಆಗಸ್ಟಿನಲ್ಲಿ ಹೊಸ ಡ್ರೋನ್ ನಿಯಮಗಳು ಬಂದವು. ಮರುವರ್ಷ ಸಾಹುಕಾರರು ನನಗೆ ಫೋನ್ ಮಾಡಿದಾಗ ನಾನು ಗಾಬರಿಯಾದದ್ದು ನಿಜ. ಆದರೆ ಈ ಸಲ ಕ್ರಮ ಬೇರೆ ಇತ್ತು. ಡ್ರೋನ್ ಕೊಳ್ಳುವ ಮುನ್ನ ಅವರು ತಮ್ಮ ಜಿನ್ನಿಗೆ ಹತ್ತಿ ತರುವ ರೈತರ ಮೂಲಕ ಸಿರುಗುಪ್ಪ ಮತ್ತು ಸಿಂಧನೂರು ಕಡೆಯ ಮೂರು ಊರುಗಳಿಗೆ ಹೋಗಿ, ಬೆಳೆಗೆ ಔಷಧ ಹೊಡೆಯಲು ಎಕರೆಗೆ ಇಷ್ಟೆಂದು ದರ ಹೇಳಿ, ಹಂಗಾಮಿನ ಮುಂಗಡ ಹಿಡಿದಿದ್ದರು. “ಎಣ್ಣಿ ಹೊಡಿಯೋಕ ಆಳು ಸಿಗವಲ್ರು” ಎಂಬ ಗೋಳು ಆ ಭತ್ತದ ಸೀಮೆಯಲ್ಲಿ ಮನೆಮನೆಯದು. ಬೆನ್ನಿಗೆ ಹೊರುವ ಪಂಪಿನಲ್ಲಿ ಎಕರೆಗೆ ನೂರೈವತ್ತು, ಇನ್ನೂರು ಲೀಟರ್ ನೀರು ಹೊರಬೇಕು. ಡ್ರೋನಿಗೆ ಹತ್ತು ಲೀಟರ್ ಸಾಕು, ಹತ್ತು ನಿಮಿಷದೊಳಗೆ ಎಕರೆ ಮುಗಿಯುತ್ತದೆ. ಗಿರಾಕಿಗಳನ್ನು ಕಂಡುಹಿಡಿಯಬೇಕಾಗಿರಲಿಲ್ಲ, ಚೀಲ ಅಲ್ಲಿ ಆಗಲೇ ಕಾಯುತ್ತಿತ್ತು.

ರಿಮೋಟ್ ಪೈಲಟ್ ಪ್ರಮಾಣಪತ್ರಕ್ಕೆ ಹತ್ತನೇ ತರಗತಿ ಪಾಸಾಗಿರಬೇಕು, ವಯಸ್ಸು 18ರಿಂದ 65ರೊಳಗಿರಬೇಕು. ಐವತ್ತೇಳರ ಅವರು ಇಪ್ಪತ್ತರ ಹುಡುಗರ ನಡುವೆ ಕೂತು ತರಬೇತಿ ಪಡೆದರು. ಹಳೆಯ ವಿದ್ಯೆ ಇಲ್ಲಿ ನೇರವಾಗಿ ಒದಗಿತು. ಬಿಸಿಲೇರಿದ ಮೇಲೆ ತೆಳುಗಾಳಿಯಲ್ಲಿ ಮೋಟಾರು ಹೆಚ್ಚು ದುಡಿಯುತ್ತದೆ, ಬ್ಯಾಟರಿ ಬೇಗ ಕಾಯ್ದು ಉಬ್ಬುತ್ತದೆ ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬ್ಯಾಟರಿಗಳನ್ನು ಒದ್ದೆ ಗೋಣಿಯ ಗೂಡಿನಲ್ಲಿಟ್ಟು, ಬೆಳಿಗ್ಗೆ ಒಂಬತ್ತೂವರೆಗೆ ಕೆಲಸ ನಿಲ್ಲಿಸಿ, ಸಂಜೆ ನಾಲ್ಕರ ಮೇಲೆ ಮತ್ತೆ ಶುರು ಮಾಡುತ್ತಿದ್ದರು. ಬದುವಿನ ಮೇಲೆ ಕೋಲು ನೆಟ್ಟು ಹಳೆಯ ಸೀರೆಯ ಅಂಚು ಕಟ್ಟಿ ಗಾಳಿ ನೋಡುತ್ತಿದ್ದರು.

ಆದರೂ ಮೊದಲ ಹಂಗಾಮಿನಲ್ಲೇ ಒಂದು ಏಟು ಬಿತ್ತು. ಭತ್ತದ ಗದ್ದೆಗೆ ಹೊಡೆದ 2,4-ಡಿ ಕಳೆನಾಶಕದ ಹನಿ ಗಾಳಿಗೆ ಸರಿದು ಪಕ್ಕದವರ ಹತ್ತಿಯ ಮೇಲೆ ಕೂತಿತು. ಹತ್ತಿಗೆ ಆ ಔಷಧ ಸೋಕಿದರೂ ಸಾಕು. ಎರಡು ವಾರದಲ್ಲಿ ಹೊಸ ಎಲೆಗಳು ಅಗಲ ಬಿಟ್ಟು, ಸೀಳಿ, ಬೆಂಡೆಯ ಎಲೆಯಂತೆ ಬೆರಳುಬೆರಳಾದವು. ಹತ್ತಿಯ ಮನೆಯವರಿಗೆ ಆ ಎಲೆಯನ್ನು ಯಾರೂ ವಿವರಿಸಬೇಕಿರಲಿಲ್ಲ. ಕಳೆನಾಶಕವನ್ನು ರೈತರೇ ತಂದುಕೊಟ್ಟಿದ್ದರು, ಕಾಗದದ ಮೇಲೆ ಹೊಣೆ ತಪ್ಪಿಸಿಕೊಳ್ಳಲು ದಾರಿಯಿತ್ತು, ಹಾಗೆಂದು ನಾನು ಹೇಳಿಯೂ ಬಿಟ್ಟೆ. ಸಾಹುಕಾರರು ಕೇಳಲಿಲ್ಲ. ಊರ ಹಿರಿಯರನ್ನು ಕೂರಿಸಿ, ಹಾಳಾದ ಸಾಲುಗಳನ್ನು ಎಣಿಸಿ, ಇಳುವರಿ ಅಂದಾಜಿಸಿ ಪರಿಹಾರ ಕೊಟ್ಟರು. ಆ ಹಂಗಾಮಿನ ಲಾಭ ಅಲ್ಲಿಗೇ ಹೋಯಿತು. ಅಂದಿನಿಂದ ಹತ್ತಿಯ ಮಗ್ಗುಲಿನ ಗದ್ದೆಗೆ ಆ ಔಷಧ ಹೊಡೆಯುವುದಿಲ್ಲ ಎಂದು ಮುಂಗಡದ ಚೀಟಿಯಲ್ಲೇ ಬರೆಯುತ್ತಾರೆ. ಇದನ್ನು ನಾನು ಎರಡನೆಯ ತಿರುವೆಂದು ಎಣಿಸುತ್ತೇನೆ. ಸುಣ್ಣದ ಕಲ್ಲಿನ ಹತ್ತಿರ ಥ್ರಾಟಲ್ ಎಳೆದ ಕೈಯೇ ಇದು. ವ್ಯತ್ಯಾಸವೆಂದರೆ ಈ ಬಾರಿ ಅದರ ಬೆಲೆ ಕೀರ್ದಿಯಲ್ಲಿ ಅದೇ ದಿನ ಬರೆಯಲ್ಪಟ್ಟಿತು. ಪರಿಹಾರ ಪಡೆದವರ ಹತ್ತಿ ಮರುವರ್ಷ ಇವರ ಜಿನ್ನಿಗೇ ಬಂತು ಎಂಬುದನ್ನೂ ಗುಮಾಸ್ತರು ಪಕ್ಕದಲ್ಲಿ ಗುರುತು ಹಾಕಿಟ್ಟಿದ್ದಾರೆ.

ಈಗ ನಾಲ್ಕನೆಯ ಹಂಗಾಮು. ಡ್ರೋನ್ ಒಂದೇ ಇದೆ, ಇಬ್ಬರು ಹುಡುಗರು ಕಲಿತಿದ್ದಾರೆ, ಒಂದು ಸಣ್ಣ ಜನರೇಟರು ಟೆಂಪೋದ ಹಿಂದೆ ಕಟ್ಟಿಕೊಂಡು ಓಡಾಡುತ್ತದೆ. ಕೆಲಸ ಹೆಚ್ಚಾಗಿದೆ, ಇನ್ನೊಂದು ಕೊಳ್ಳೋಣ ಎಂದು ಈ ಸಲ ಒತ್ತಾಯ ಹಿಡಿದವರು ತಮ್ಮ. ಕಳೆದ ತಿಂಗಳು ನಾನು ಹೋದಾಗ ಇಬ್ಬರೂ ಅದೇ ಮಾತಿನಲ್ಲಿದ್ದರು. ಸಾಹುಕಾರರು ಮುಂಗಡದ ಚೀಟಿಗಳನ್ನು ಹಳ್ಳಿವಾರು ಜೋಡಿಸಿ ರಬ್ಬರು ಹಾಕುತ್ತಾ, ಐದನೆಯ ಊರಿನದು ಇನ್ನೂ ಬಂದಿಲ್ಲ, ಬಂದ ಮೇಲೆ ನೋಡೋಣ ಎಂದು ಹೇಳಿ ಕಟ್ಟನ್ನು ಗುಮಾಸ್ತರ ಕಡೆ ಸರಿಸಿದರು.